ಒಂದು ಕಥೆ, ಮೂರು ಚಿತ್ರ: ‘ದಿ ಥಿಂಗ್’ ಪ್ರಕರಣ ಮತ್ತು ರೀಮೇಕಿನ ಸಾರ್ಥಕತೆ

1982ರ ಜೂನ್ 25ರಂದು ಅಮೆರಿಕದಲ್ಲಿ ತೆರೆಕಂಡ ಜಾನ್ ಕಾರ್ಪೆಂಟರ್ ನಿರ್ದೇಶನದ ‘ದಿ ಥಿಂಗ್’ ಚಿತ್ರವನ್ನು ಅಂದಿನ ವಿಮರ್ಶಕರಲ್ಲಿ ಹೆಚ್ಚಿನವರು ಕಟುವಾಗಿ ತಿರಸ್ಕರಿಸಿದರು. 1951ರ ಒಂದು ಮೆಚ್ಚಿನ ಚಿತ್ರದ ಕಥೆಯನ್ನು ಎತ್ತಿಕೊಂಡು, ಅದರ ಲವಲವಿಕೆಯನ್ನು ಕಳೆದು, ಅಸಹ್ಯ ಹುಟ್ಟಿಸುವ ದೃಶ್ಯಗಳನ್ನಷ್ಟೇ ತುಂಬಲಾಗಿದೆ ಎಂಬುದು ಆಕ್ಷೇಪಗಳ ಸಾರ. ಹಳೆಯ ಚಿತ್ರದ ನಿರ್ದೇಶಕರೆಂದು ಹೆಸರು ಪಡೆದಿದ್ದ ಕ್ರಿಶ್ಚಿಯನ್ ನೈಬಿ ಕೂಡ ಹೊಸದನ್ನು ಬಹಿರಂಗವಾಗಿಯೇ ಟೀಕಿಸಿದರು. ಅದೇ ಚಿತ್ರ ಇಂದು ವಿಜ್ಞಾನ ಕಥಾಚಿತ್ರಗಳ ಯಾವ ಗಂಭೀರ ಚರ್ಚೆಯಲ್ಲೂ ಬಿಟ್ಟು ಮುಂದೆ ಹೋಗಲಾಗದ ಕೃತಿಯಾಗಿದೆ. 2011ರಲ್ಲಿ ಅದೇ ಸ್ಟುಡಿಯೊ ಅದೇ ಹೆಸರಿನಲ್ಲಿ ಅದೇ ಕಥಾಲೋಕದ ಮತ್ತೊಂದು ಚಿತ್ರವನ್ನು ತಂದಾಗ, ಅದು ಹೆಚ್ಚು ಕಾಲ ಯಾರ ಮನಸ್ಸಿನಲ್ಲೂ ನಿಲ್ಲಲಿಲ್ಲ.

ಹಳೆಯ ವಿಜ್ಞಾನ ಕಥಾಚಿತ್ರಗಳನ್ನೂ ಧಾರಾವಾಹಿಗಳನ್ನೂ ಮತ್ತೆ ತೆಗೆಯುವುದು ಸಾರ್ಥಕವೇ ಎಂಬ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಚಾಲ್ತಿಯಲ್ಲಿವೆ. ಹೊಸ ಕಥೆ ಹೊಳೆಯದ ಸ್ಟುಡಿಯೊಗಳು ಹಳೆಯ ಹೆಸರಿನ ಮೇಲೆ ಹಣ ಮಾಡಲು ಹೊರಡುತ್ತವೆ, ಆದ್ದರಿಂದ ರೀಮೇಕುಗಳೆಲ್ಲ ವ್ಯರ್ಥ ಎಂಬುದು ಒಂದು. ಹಳೆಯ ಚಿತ್ರಗಳ ತಂತ್ರಗಳು ಈಗ ಕಳಪೆಯಾಗಿ ಕಾಣುತ್ತವೆ, ಆದ್ದರಿಂದ ಹೊಸ ಪೀಳಿಗೆಗೆ ಅದೇ ಕಥೆಯನ್ನು ಹೊಸ ಗ್ರಾಫಿಕ್ಸ್‌ನಲ್ಲಿ ಕೊಡಬೇಕು ಎಂಬುದು ಇನ್ನೊಂದು. ಈ ಪ್ರಕರಣದ ಮುಂದೆ ಎರಡೂ ನಿಲ್ಲುವುದಿಲ್ಲ. ಮೊದಲನೆಯದು ನಿಜವಾಗಿದ್ದರೆ 1982ರ ಚಿತ್ರ ವ್ಯರ್ಥವಾಗಬೇಕಿತ್ತು. ಎರಡನೆಯದು ನಿಜವಾಗಿದ್ದರೆ, ಮೂರರಲ್ಲಿ ಅತಿ ಹೆಚ್ಚು ತಾಂತ್ರಿಕ ಅನುಕೂಲವಿದ್ದ 2011ರ ಚಿತ್ರವೇ ಎಲ್ಲಕ್ಕಿಂತ ಮೇಲಾಗಬೇಕಿತ್ತು. ಒಂದೇ ಕಥೆ ಆರು ದಶಕಗಳ ಅವಧಿಯಲ್ಲಿ ಮೂರು ಸಲ ತೆರೆಗೆ ಬಂದು, ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಲು ಸಿಗುವುದು ಅಪರೂಪ. ಮೂಲ ಕಥೆಯನ್ನು ಓದಿದ ಮೇಲೆ ಮೂರು ಚಿತ್ರಗಳನ್ನೂ ಅವು ಬಂದ ಕ್ರಮದಲ್ಲೇ ಮತ್ತೊಮ್ಮೆ ನೋಡಿ ಈ ಅಧ್ಯಯನವನ್ನು ಬರೆದಿದ್ದೇನೆ.

1938ರ ಕಥೆ

ಜಾನ್ ಡಬ್ಲ್ಯೂ. ಕ್ಯಾಂಪ್‌ಬೆಲ್ ಬರೆದ ‘ಹೂ ಗೋಸ್ ದೇರ್?’ ಎಂಬ ನೀಳ್ಗತೆ 1938ರ ಆಗಸ್ಟ್‌ನಲ್ಲಿ, ಅವರೇ ಸಂಪಾದಕರಾಗಿದ್ದ ‘ಅಸ್ಟೌಂಡಿಂಗ್ ಸೈನ್ಸ್ ಫಿಕ್ಷನ್’ ಪತ್ರಿಕೆಯಲ್ಲಿ, ಡಾನ್ ಎ. ಸ್ಟುವರ್ಟ್ ಎಂಬ ಕಾವ್ಯನಾಮದಡಿ ಪ್ರಕಟವಾಯಿತು. ಅಂಟಾರ್ಕ್ಟಿಕದ ಒಂದು ಸಂಶೋಧನಾ ಶಿಬಿರದಲ್ಲಿರುವ 37 ಮಂದಿ, ಎರಡು ಕೋಟಿ ವರ್ಷಗಳಿಂದ ಹಿಮದಡಿ ಹೂತಿದ್ದ ನೌಕೆಯೊಂದನ್ನೂ ಅದರ ಬಳಿ ಹೆಪ್ಪುಗಟ್ಟಿದ್ದ ಜೀವಿಯೊಂದನ್ನೂ ಪತ್ತೆಹಚ್ಚುತ್ತಾರೆ. ಮಂಜು ಕರಗಿದಾಗ ಜೀವಿ ಏಳುತ್ತದೆ. ಅದು ತಾನು ಮುಟ್ಟಿದ ಪ್ರಾಣಿಯನ್ನು ಕಣಕಣವಾಗಿ ತನ್ನದಾಗಿಸಿಕೊಂಡು, ಆ ಪ್ರಾಣಿಯ ರೂಪವನ್ನೂ ನೆನಪನ್ನೂ ನಡವಳಿಕೆಯನ್ನೂ ತಾಳಬಲ್ಲದು. ಹಾಗಾಗಿ ಶಿಬಿರದವರ ಮುಂದೆ ನಿಲ್ಲುವ ಪ್ರಶ್ನೆ ಜೀವಿಯನ್ನು ಹೇಗೆ ಕೊಲ್ಲುವುದು ಎಂಬುದಕ್ಕಿಂತ, ಪಕ್ಕದಲ್ಲಿ ಕುಳಿತಿರುವವನು ಇನ್ನೂ ಅವನೇ ಹೌದೇ ಎಂಬುದಾಗುತ್ತದೆ.

ಈ ಪ್ರಶ್ನೆಗೆ ಕ್ಯಾಂಪ್‌ಬೆಲ್ ಉತ್ತರ ಹುಡುಕುವ ದಾರಿ ವಿಜ್ಞಾನಿಯ ದಾರಿ. ಪರೀಕ್ಷೆ ರೂಪಿಸುವುದು, ಅದು ಸೋತರೆ ಏಕೆ ಸೋತಿತೆಂದು ತರ್ಕಿಸುವುದು, ಆ ತರ್ಕದಿಂದ ಮತ್ತೊಂದು ಪರೀಕ್ಷೆಗೆ ಹೋಗುವುದು. ಕೊನೆಗೆ ಗೆಲ್ಲುವ ಪರೀಕ್ಷೆ ಬಹಳ ಸರಳ. ಜೀವಿಯ ಪ್ರತಿಯೊಂದು ತುಣುಕೂ ಸ್ವತಂತ್ರ ಪ್ರಾಣಿಯಾಗಿದ್ದರೆ, ಅದರ ರಕ್ತದ ಹನಿಯೂ ತನ್ನ ಪ್ರಾಣ ಉಳಿಸಿಕೊಳ್ಳಲು ನೋಡಬೇಕು. ಕಾದ ತಂತಿ ತಾಗಿಸಿದರೆ ಮನುಷ್ಯನ ರಕ್ತ ಸುಮ್ಮನೆ ಸುಡುತ್ತದೆ, ಜೀವಿಯ ರಕ್ತ ಹಿಂದಕ್ಕೆ ಸರಿಯುತ್ತದೆ. ಪಾತ್ರಗಳ ಮಟ್ಟಿಗೆ ಈ ಕಥೆ ಅಷ್ಟೇನೂ ಶ್ರೀಮಂತವಲ್ಲ. ಓದುವಾಗ ಹೆಸರುಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಆದರೆ ಅದರ ನಡುವಿನ ಕಲ್ಪನೆ ಎಷ್ಟು ಗಟ್ಟಿಯೆಂದರೆ ಮುಂದಿನ ಮೂರು ಚಿತ್ರಗಳ ಬೆಲೆ ಕಟ್ಟಲು ಅದನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳಬಹುದು.

1951: ಮುಖ್ಯ ಕಲ್ಪನೆಯನ್ನು ಬಿಟ್ಟ ಒಳ್ಳೆಯ ಚಿತ್ರ

ಹೊವಾರ್ಡ್ ಹಾಕ್ಸ್ ನಿರ್ಮಿಸಿದ ‘ದಿ ಥಿಂಗ್ ಫ್ರಮ್ ಅನದರ್ ವರ್ಲ್ಡ್’ ಚಿತ್ರ ಕಥೆಯನ್ನು ಅಂಟಾರ್ಕ್ಟಿಕದಿಂದ ಉತ್ತರ ಧ್ರುವದ ಕಡೆಗೆ ಸಾಗಿಸಿತು, ಸಂಶೋಧಕರ ಜೊತೆಗೆ ವಾಯುಪಡೆಯವರನ್ನು ತಂದಿತು, ಮತ್ತು ರೂಪ ಬದಲಿಸುವ ಜೀವಿಯ ಬದಲು ಸಸ್ಯಜಾತಿಯ, ರಕ್ತ ಹೀರಿ ಬೆಳೆಯುವ ಒಂದು ಎತ್ತರದ ಆಕೃತಿಯನ್ನು ನಿಲ್ಲಿಸಿತು. ಆರೂವರೆ ಅಡಿ ಮೀರಿದ ಎತ್ತರದ ನಟ ಜೇಮ್ಸ್ ಆರ್ನೆಸ್ ಆ ಪಾತ್ರ ವಹಿಸಿದರು. ನಿರ್ದೇಶಕರ ಜಾಗದಲ್ಲಿ ಹೆಸರಿರುವುದು ನೈಬಿಯವರದಾದರೂ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುವ ಚುರುಕು ಸಂಭಾಷಣೆಯಲ್ಲಿ ಹಾಕ್ಸ್ ಅವರ ಕೈ ಸ್ಪಷ್ಟವಾಗಿ ಕಾಣುತ್ತದೆ. ನಿಜವಾದ ನಿರ್ದೇಶಕರು ಯಾರು ಎಂಬ ವಾದ ಇನ್ನೂ ನಿಂತಿಲ್ಲ.

ರೂಪಾಂತರದ ಕಲ್ಪನೆಯನ್ನು ಕೈಬಿಟ್ಟದ್ದು ಆ ಕಾಲದ ತಂತ್ರದ ಮಿತಿಯಿಂದ ಎಂದು ಸುಲಭವಾಗಿ ಹೇಳಿಬಿಡಬಹುದು. ಆ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಚಿತ್ರವನ್ನು ಗಮನವಿಟ್ಟು ನೋಡಿದರೆ ಅದಕ್ಕೆ ಬೇರೊಂದು ಕಾಳಜಿಯಿತ್ತೆಂದು ತಿಳಿಯುತ್ತದೆ. ಹಾರುವ ತಟ್ಟೆಗಳ ಸುದ್ದಿ ಅಮೆರಿಕದ ಪತ್ರಿಕೆಗಳನ್ನು ತುಂಬತೊಡಗಿದ್ದು 1947ರಲ್ಲಿ. ಕೊರಿಯಾ ಯುದ್ಧ ಶುರುವಾದದ್ದು 1950ರ ಜೂನ್‌ನಲ್ಲಿ. ಅಣುಬಾಂಬಿನ ನಂತರದ ಆ ವರ್ಷಗಳಲ್ಲಿ ಜ್ಞಾನಕ್ಕಾಗಿ ಯಾವ ಅಪಾಯವನ್ನಾದರೂ ತಂದುಕೊಳ್ಳಲು ಸಿದ್ಧನಾದ ವಿಜ್ಞಾನಿ ಒಂದು ಕಡೆ, ಬಂದ ಗಂಡಾಂತರವನ್ನು ಒಗ್ಗಟ್ಟಿನಿಂದ ಎದುರಿಸುವ ಸಾಮಾನ್ಯ ಸೈನಿಕರು ಇನ್ನೊಂದು ಕಡೆ, ಇವರ ನಡುವಿನ ಘರ್ಷಣೆಯೇ ಈ ಚಿತ್ರದ ವಸ್ತು. ಇಲ್ಲಿ ಶತ್ರು ಹೊರಗಿನವನು, ಬಾಗಿಲಾಚೆ ನಿಂತವನು. ಒಳಗಿರುವವರಿಗೆ ಪರಸ್ಪರ ನಂಬಿಕೆಯಿದೆ. ಆ ನಂಬಿಕೆಯ ಬೆಚ್ಚಗಿನ ಭಾವ, ಹೆದರಿಕೆಯ ನಡುವೆಯೂ ನಿಲ್ಲದ ತಮಾಷೆ, ಪುರುಷರಿಗೆ ಸರಿಸಮವಾಗಿ ಮಾತನಾಡುವ ಮಾರ್ಗರೆಟ್ ಶೆರಿಡನ್ ಅವರ ಪಾತ್ರ, ಇವು ಮುಂದಿನ ಯಾವ ಆವೃತ್ತಿಯಲ್ಲೂ ಸಿಗುವುದಿಲ್ಲ.

ಹಿಮದಡಿ ಹೂತ ನೌಕೆಯ ಆಕಾರ ತಿಳಿಯಲು ಸಿಬ್ಬಂದಿಯೆಲ್ಲ ಅದರ ಅಂಚಿನುದ್ದಕ್ಕೂ ಕೈ ಚಾಚಿ ನಿಲ್ಲುತ್ತಾರೆ, ಮತ್ತು ತಾವು ನಿಂತಿರುವುದು ಒಂದು ಸಂಪೂರ್ಣ ವೃತ್ತವೆಂದು ಅವರಿಗೂ ನಮಗೂ ಏಕಕಾಲದಲ್ಲಿ ಅರಿವಾಗುತ್ತದೆ. ಯಾವ ಯಂತ್ರತಂತ್ರವೂ ಇಲ್ಲದೆ, ಬರಿಯ ಮನುಷ್ಯರನ್ನು ನಿಲ್ಲಿಸಿ ಸಾಧಿಸಿದ ಈ ದೃಶ್ಯವನ್ನು ನೋಡಿದವರು ಹಳೆಯ ತಂತ್ರವೆಲ್ಲ ಕಳಪೆ ಎಂದು ಹೇಳಲಾರರು.

1982: ಚಿತ್ರವನ್ನು ಬಿಟ್ಟು ಕಥೆಗೆ ಮರಳಿದ ರೀಮೇಕ್

ಕಾರ್ಪೆಂಟರ್ ಅವರಿಗೆ 1951ರ ಚಿತ್ರದ ಮೇಲೆ ಎಷ್ಟು ಪ್ರೀತಿಯಿತ್ತೆಂದರೆ, 1978ರ ತಮ್ಮ ‘ಹ್ಯಾಲೋವೀನ್’ ಚಿತ್ರದಲ್ಲಿ ಮಕ್ಕಳು ಟಿವಿಯಲ್ಲಿ ಅದನ್ನೇ ನೋಡುತ್ತಿರುವಂತೆ ತೋರಿಸಿದ್ದರು. ಹೀಗಿದ್ದೂ, ನಿರ್ದೇಶಕ ಟೋಬಿ ಹೂಪರ್ ಸೇರಿದಂತೆ ಕೆಲವರು ಕೈಹಾಕಿ ಬಿಟ್ಟಿದ್ದ ಈ ರೀಮೇಕ್ ತಮ್ಮ ಪಾಲಿಗೆ ಬಂದಾಗ ಅವರು ಮಾಡಿದ ನಿರ್ಣಾಯಕ ಆಯ್ಕೆ ತಮ್ಮ ಪ್ರೀತಿಯ ಚಿತ್ರವನ್ನು ಅನುಸರಿಸದಿರುವುದು. ಚಿತ್ರಕಥೆ ಬರೆದ ಬಿಲ್ ಲಂಕಾಸ್ಟರ್ ನೇರವಾಗಿ 1938ರ ಕಥೆಗೆ ಹೋದರು. ಜಾಗ ಮತ್ತೆ ಅಂಟಾರ್ಕ್ಟಿಕವಾಯಿತು. ಜೀವಿ ಮತ್ತೆ ಅನುಕರಿಸುವ ಜೀವಿಯಾಯಿತು. 37 ಮಂದಿಯನ್ನು 12ಕ್ಕೆ ಇಳಿಸಿದ್ದರಿಂದ ಪ್ರತಿಯೊಬ್ಬನ ಮುಖವೂ ನೋಡುಗನಿಗೆ ಗುರುತಾಗಿ, ಅವರಲ್ಲಿ ಯಾರು ಯಾವಾಗ ಕಣ್ಣಿಗೆ ಬೀಳದೆ ಹೋದರೆಂದು ಲೆಕ್ಕವಿಡುವಂತಾಯಿತು.

ಹಳೆಯ ಚಿತ್ರಕ್ಕೆ ಸಲ್ಲಬೇಕಾದ ಗೌರವವನ್ನು ಅವರು ಬೇರೆ ರೀತಿಯಲ್ಲಿ ಸಲ್ಲಿಸಿದರು. ಶೀರ್ಷಿಕೆ ಪರದೆಯನ್ನು ಸುಟ್ಟುಕೊಂಡು ಹೊರಬರುವ ರೀತಿ 1951ರ ಚಿತ್ರದಿಂದಲೇ ಬಂದದ್ದು. ಜೀವಿಗೆ ಮೊದಲು ಬಲಿಯಾದ ನಾರ್ವೆಯವರ ಶಿಬಿರದಿಂದ ತಂದ ವಿಡಿಯೊದಲ್ಲಿ ಹಿಮದ ಮೇಲೆ ಸುತ್ತುಗಟ್ಟಿ ನಿಂತ ಜನರ ಮಸುಕು ಚಿತ್ರ ಕಾಣಿಸುತ್ತದೆ, ಹಾಕ್ಸ್ ಅವರ ಆ ವೃತ್ತ ಇಲ್ಲಿ ಬೇರೊಂದು ತಂಡದ ಕಳೆದುಹೋದ ಇತಿಹಾಸವಾಗಿ ಬರುತ್ತದೆ. ಈ ಎರಡು ನಮನಗಳ ನಂತರ ಚಿತ್ರ ತನ್ನ ದಾರಿ ಹಿಡಿಯುತ್ತದೆ.

ಆ ದಾರಿ ಸಂಶಯದ ದಾರಿ. ಒಂದು ದೃಶ್ಯದಲ್ಲಿ, ನಾಯಿಯ ರೂಪ ತಾಳಿರುವ ಜೀವಿ ಒಂದು ಕೋಣೆಗೆ ಹೋಗುತ್ತದೆ. ಒಳಗಿರುವ ಮನುಷ್ಯ ನಮಗೆ ಗೋಡೆಯ ಮೇಲಿನ ನೆರಳಾಗಿ ಮಾತ್ರ ಕಾಣುತ್ತಾನೆ, ಮತ್ತು ಅವನು ಯಾರೆಂದು ತಿಳಿಯುವ ಮೊದಲೇ ದೃಶ್ಯ ಮುಗಿಯುತ್ತದೆ. ಅಲ್ಲಿಂದ ಮುಂದೆ ಯಾವ ಗಳಿಗೆಯಲ್ಲಿ ಯಾರು ಬದಲಾದರೆಂದು ಕ್ಯಾಮೆರಾ ತೋರಿಸುವುದಿಲ್ಲ. ಜೀವಶಾಸ್ತ್ರಜ್ಞ ಬ್ಲೇರ್ ತನ್ನ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಾಗ, ತಂಡದಲ್ಲಿ ಒಬ್ಬನಾದರೂ ಸೋಂಕಿಗೆ ಒಳಗಾಗಿರುವ ಸಂಭವ ಶೇ. 75 ಎಂದೂ, ಜೀವಿ ಜನವಸತಿಯನ್ನು ತಲುಪಿದರೆ 27,000 ಗಂಟೆಗಳಲ್ಲಿ, ಅಂದರೆ ಸುಮಾರು ಮೂರು ವರ್ಷಗಳಲ್ಲಿ, ಇಡೀ ಜಗತ್ತು ಅದರದ್ದಾಗುತ್ತದೆ ಎಂದೂ ಪರದೆಯ ಮೇಲೆ ಮೂಡುತ್ತದೆ. ಅವನು ಯಾರಿಗೂ ಏನನ್ನೂ ಹೇಳದೆ ರೇಡಿಯೊವನ್ನೂ ವಾಹನಗಳನ್ನೂ ಒಡೆದುಹಾಕುತ್ತಾನೆ. ಮೊದಲ ಸಲ ನೋಡುವಾಗ ಅವನಿಗೆ ಹುಚ್ಚು ಹಿಡಿದಿದೆ ಎನಿಸುತ್ತದೆ. ಎರಡನೆಯ ಸಲ ನೋಡುವಾಗ ಆ ಕೊಠಡಿಯಲ್ಲಿ ಸರಿಯಾಗಿ ಯೋಚಿಸುತ್ತಿದ್ದವನು ಅವನೊಬ್ಬನೇ ಎನಿಸುತ್ತದೆ.

ರಕ್ತಪರೀಕ್ಷೆಯ ದೃಶ್ಯದಲ್ಲಿ ಈ ಚಿತ್ರ ತನ್ನ ಅಸ್ತಿತ್ವವನ್ನು ಪೂರ್ತಿಯಾಗಿ ಸಮರ್ಥಿಸಿಕೊಳ್ಳುತ್ತದೆ. ಕರ್ಟ್ ರಸೆಲ್ ವಹಿಸಿದ ಮ್ಯಾಕ್ರೆಡಿ ಎಲ್ಲರನ್ನೂ ಕಟ್ಟಿಹಾಕಿ, ಒಬ್ಬೊಬ್ಬನ ರಕ್ತವನ್ನೂ ಗಾಜಿನ ತಟ್ಟೆಗಳಲ್ಲಿ ತೆಗೆದುಕೊಂಡು, ಕಾಸಿದ ತಂತಿಯನ್ನು ಅದ್ದುತ್ತಾ ಹೋಗುತ್ತಾನೆ. ಕ್ಯಾಂಪ್‌ಬೆಲ್ ಬರೆದ ತರ್ಕವೇ ಇದು. ಆದರೆ ಕಥೆಯಲ್ಲಿ ಅದು ಓದುಗನ ಬುದ್ಧಿಗೆ ಮೆಚ್ಚುಗೆಯಾಗುವ ಪರಿಹಾರವಾಗಿ ಬಂದರೆ, ಚಿತ್ರದಲ್ಲಿ ಒಂದೊಂದು ತಟ್ಟೆಯ ಮುಂದೆಯೂ ಒಬ್ಬ ಮನುಷ್ಯನ ಮುಖವಿದೆ. ಇದಕ್ಕೂ ಮೊದಲು ಮ್ಯಾಕ್ರೆಡಿ ಗುಂಡಿಕ್ಕಿ ಕೊಂದಿದ್ದ ಕ್ಲಾರ್ಕ್‌ನ ರಕ್ತವನ್ನೂ ಪರೀಕ್ಷಿಸಲಾಗುತ್ತದೆ. ಅವನು ಮನುಷ್ಯನೇ ಆಗಿದ್ದನೆಂದು ತಿಳಿದಾಗ, ಹಾಗಾದರೆ ಮ್ಯಾಕ್ರೆಡಿ ಕೊಲೆಗಾರ ಎಂದು ಇನ್ನೊಬ್ಬ ಹೇಳುತ್ತಾನೆ, ಆ ಮಾತಿಗೆ ಉತ್ತರ ಬರುವುದಿಲ್ಲ. 1951ರ ಚಿತ್ರ ಬಾಗಿಲಾಚೆ ಇಟ್ಟಿದ್ದ ಶತ್ರು ಇಲ್ಲಿ ಕೋಣೆಯೊಳಗಿನ ತಪ್ಪೂ ಹೌದು.

ತಂತ್ರದ ಕುರಿತು ಹೇಳದೆ ಈ ಭಾಗ ಮುಗಿಯದು. ರೂಪಾಂತರದ ದೃಶ್ಯಗಳನ್ನು ರೂಪಿಸಿದ ರಾಬ್ ಬಾಟಿನ್ ಅವರಿಗೆ ಆಗ 22 ವರ್ಷ. ರಬ್ಬರ್, ಯಾಂತ್ರಿಕ ಬೊಂಬೆಗಳು, ರಾಸಾಯನಿಕಗಳು, ಕೈಯಿಂದ ಎಳೆಯುವ ತಂತಿಗಳನ್ನು ಬಳಸಿ ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಡುವಿಲ್ಲದೆ ದುಡಿದ ಅವರು ಕೊನೆಗೆ ಬಳಲಿಕೆಯಿಂದ ಆಸ್ಪತ್ರೆ ಸೇರಬೇಕಾಯಿತು. ನಾಯಿಗೂಡಿನ ದೃಶ್ಯದ ಬೊಂಬೆಯನ್ನು ಸ್ಟ್ಯಾನ್ ವಿನ್‌ಸ್ಟನ್ ಅವರ ತಂಡ ಮಾಡಿಕೊಟ್ಟಿತು. ಈ ದೃಶ್ಯಗಳು ಹೇಸಿಗೆ ಹುಟ್ಟಿಸುತ್ತವೆ ಎಂಬ ಅಂದಿನ ದೂರು ಸುಳ್ಳಲ್ಲ. ಆದರೆ ಆ ಹೇಸಿಗೆಗೆ ಕಥೆಯಲ್ಲಿ ಕೆಲಸವಿದೆ: ಮನುಷ್ಯನ ದೇಹ ಎಂದು ನಾವು ನಂಬಿದ ವಸ್ತು ಬರಿಯ ಹೊದಿಕೆಯಾಗಿತ್ತೆಂದು ಕಣ್ಣಿಗೆ ಕಾಣದಿದ್ದರೆ, ಉಳಿದ ಮುಖಗಳನ್ನು ಸಂಶಯಿಸಲು ಕಾರಣ ಸಿಗುತ್ತಿರಲಿಲ್ಲ. 1951ರಲ್ಲಿ ಇದನ್ನು ಮಾಡಲಾಗುತ್ತಿರಲಿಲ್ಲ ಎಂಬುದು ನಿಜ, ಮತ್ತು ಹೊಸ ತಂತ್ರ ರೀಮೇಕಿಗೆ ನ್ಯಾಯವಾದ ಕಾರಣವಾಗುವುದು ಇಂಥಲ್ಲಿ ಮಾತ್ರ ಎಂದು ನನ್ನ ಅಭಿಪ್ರಾಯ. ಮೊದಲು ಹೇಳಲಾಗದೆ ಉಳಿದಿದ್ದ ಒಂದು ಮಾತು ಆ ತಂತ್ರದಿಂದ ಹೇಳಲು ಬರಬೇಕು.

ಚಿತ್ರೀಕರಣದ ಒಂದು ಸಂಗತಿ ನನಗೆ ಬಹಳ ಇಷ್ಟ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಸ್ಟೂವರ್ಟ್ ಊರಿನ ಬಳಿ ಹಿಮದಲ್ಲಿ ಕಟ್ಟಿದ ಅಮೆರಿಕನ್ ಶಿಬಿರದ ಸೆಟ್ಟನ್ನು ಕೊನೆಯ ದೃಶ್ಯಕ್ಕಾಗಿ ಸ್ಫೋಟಿಸಿದ ಮೇಲೆ, ಅದರ ಸುಟ್ಟ ಅವಶೇಷಗಳನ್ನೇ ನಾರ್ವೆಯವರ ಹಾಳಾದ ಶಿಬಿರವಾಗಿ ಬಳಸಿಕೊಂಡರು. ಹೀಗಾಗಿ ಚಿತ್ರದ ಮೊದಲ ಭಾಗದಲ್ಲಿ ಮ್ಯಾಕ್ರೆಡಿ ಸುಟ್ಟ ಗೋಡೆಗಳ ನಡುವೆ ನಡೆಯುವಾಗ, ಅವನು ತನ್ನದೇ ಶಿಬಿರದ ಬೂದಿಯ ಮೇಲೆ ನಡೆಯುತ್ತಿದ್ದಾನೆ.

ತೀರ್ಪು ಬಂದ ರೀತಿ

ಸುಮಾರು 1.5 ಕೋಟಿ ಡಾಲರ್ ವೆಚ್ಚದ ಈ ಚಿತ್ರ ಅಮೆರಿಕದ ಗಲ್ಲಾಪೆಟ್ಟಿಗೆಯಲ್ಲಿ ಸುಮಾರು 1.96 ಕೋಟಿ ಡಾಲರ್ ಗಳಿಸಿತು. ಚಿತ್ರಮಂದಿರಗಳ ಪಾಲನ್ನೂ ಪ್ರಚಾರದ ಖರ್ಚನ್ನೂ ಕಳೆದರೆ ಇದು ಗೆಲುವಲ್ಲ. ಎರಡು ವಾರ ಮೊದಲು, ಜೂನ್ 11ರಂದು, ಭೂಮಿಗೆ ಬಂದ ಸ್ನೇಹಮಯ ಅತಿಥಿಯ ಕಥೆಯಾದ ‘ಇ.ಟಿ.’ ಬಿಡುಗಡೆಯಾಗಿ ಜನರ ಮನಸ್ಸನ್ನು ತುಂಬಿತ್ತು. ಅದೇ ಜೂನ್ 25ರಂದು ‘ಬ್ಲೇಡ್ ರನ್ನರ್’ ಕೂಡ ತೆರೆಗೆ ಬಂದು, ಅದೂ ನಿರೀಕ್ಷೆಯಷ್ಟು ಓಡಲಿಲ್ಲ. ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ವಿನ್ಸೆಂಟ್ ಕ್ಯಾನ್ಬಿ ಬರೆದ ವಿಮರ್ಶೆ ನಿಷ್ಠುರವಾಗಿತ್ತು. ಎನ್ನಿಯೊ ಮೊರಿಕೋನೆ ಅವರ ಸಂಗೀತವನ್ನು ವರ್ಷದ ಕೆಟ್ಟ ಕೆಲಸಗಳಿಗೆ ಮೀಸಲಾದ ರ‍್ಯಾಜಿ ಪಟ್ಟಿಗೆ ಸೇರಿಸಲಾಯಿತು. ಆಗ ಬಳಸದೆ ಉಳಿದಿದ್ದ ಅದೇ ಸಂಗೀತದ ಕೆಲವು ಭಾಗಗಳು 2015ರ ‘ದಿ ಹೇಟ್‌ಫುಲ್ ಏಟ್’ ಚಿತ್ರದಲ್ಲಿ ಕೇಳಿಬಂದವು, ಆ ಚಿತ್ರದ ಸಂಗೀತಕ್ಕೆ ಮೊರಿಕೋನೆ ಆಸ್ಕರ್ ಪಡೆದರು. ಕಾರ್ಪೆಂಟರ್ ಅವರಿಗೆ ಮಾತ್ರ ಸೋಲಿನ ಬೆಲೆ ಕೂಡಲೇ ತೆರಬೇಕಾಯಿತು. ಅವರ ಕೈಗೆ ಬಂದಿದ್ದ ‘ಫೈರ್‌ಸ್ಟಾರ್ಟರ್’ ಚಿತ್ರ ಕೈತಪ್ಪಿತು.

ಚಿತ್ರ ಮತ್ತೆ ಎದ್ದು ನಿಂತದ್ದು ವಿಡಿಯೊ ಕ್ಯಾಸೆಟ್ಟುಗಳಿಂದ ಮತ್ತು ಟಿವಿಯಿಂದ. ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಯಾರು ಯಾವಾಗ ಬದಲಾದರೆಂದು ಪತ್ತೆಹಚ್ಚುವ ನೋಡುಗರಿಗೆ ಅದು ಹೇಳಿಮಾಡಿಸಿದಂತಿತ್ತು. ಕಾಲವೂ ಅದಕ್ಕೆ ಹೊಸ ಅರ್ಥ ಕೊಟ್ಟಿತು. ಏಡ್ಸ್ ಕುರಿತ ಮೊದಲ ವೈದ್ಯಕೀಯ ವರದಿ ಬಂದದ್ದು 1981ರ ಜೂನ್‌ನಲ್ಲಿ, ರಕ್ತಪರೀಕ್ಷೆ ಬಳಕೆಗೆ ಬಂದದ್ದು 1985ರಲ್ಲಿ. ಯಾರ ರಕ್ತ ಸುರಕ್ಷಿತ ಎಂಬ ಭಯದಲ್ಲಿ ಬದುಕಿದ ಆ ವರ್ಷಗಳಲ್ಲಿ ಈ ಚಿತ್ರವನ್ನು ನೋಡಿದವರಿಗೆ, ಸಾಲಾಗಿ ಇಟ್ಟ ಗಾಜಿನ ತಟ್ಟೆಗಳು ಬೇರೆಯೇ ಭಾರ ಹೊತ್ತು ಕಂಡವು. ದಕ್ಷಿಣ ಧ್ರುವದ ಅಮಂಡ್ಸನ್–ಸ್ಕಾಟ್ ನಿಲ್ದಾಣದಲ್ಲಿ, ಫೆಬ್ರುವರಿಯಲ್ಲಿ ಕೊನೆಯ ವಿಮಾನ ಹೊರಟುಹೋದ ಮೇಲೆ, ಚಳಿಗಾಲವಿಡೀ ಅಲ್ಲೇ ಉಳಿಯುವ ಸಿಬ್ಬಂದಿ ಒಟ್ಟಾಗಿ ಕುಳಿತು ಇದನ್ನು ನೋಡುವ ವಾಡಿಕೆ ಬೆಳೆದಿದೆ. ಬಿಡುಗಡೆಯ ವಾರದ ತೀರ್ಪಿನ ಮೇಲೆ ರೀಮೇಕಿನ ಸಾರ್ಥಕತೆಯನ್ನು ನಿರ್ಧರಿಸಿದ್ದರೆ ಈ ಪ್ರಕರಣ 1982ರಲ್ಲೇ ಮುಚ್ಚಿಹೋಗುತ್ತಿತ್ತು.

2011: ಗೌರವವೇ ಕಟ್ಟಿಹಾಕಿದ ಚಿತ್ರ

ಡಚ್ ನಿರ್ದೇಶಕ ಮಥೈಸ್ ವಾನ್ ಹೈನಿಂಗನ್ ಜೂನಿಯರ್ ಅವರ 2011ರ ಚಿತ್ರ, ಕಟ್ಟುನಿಟ್ಟಾಗಿ ಹೇಳುವುದಾದರೆ ರೀಮೇಕ್ ಅಲ್ಲ. 1982ರ ಚಿತ್ರ ಆರಂಭವಾಗುವ ಮೊದಲು ನಾರ್ವೆಯವರ ಶಿಬಿರದಲ್ಲಿ ಏನು ನಡೆಯಿತೆಂಬ ಪೂರ್ವಕಥೆ ಅದು. ಹೀಗಿದ್ದೂ ಹೆಸರನ್ನು ಬದಲಿಸದೆ ‘ದಿ ಥಿಂಗ್’ ಎಂದೇ ಇಟ್ಟದ್ದರಿಂದ, ಮತ್ತು ಘಟನೆಗಳ ಸರಣಿ ಬಹುಪಾಲು ಹಳೆಯದರ ಅಚ್ಚಿನಲ್ಲೇ ಇರುವುದರಿಂದ, ಅದನ್ನು ರೀಮೇಕಿನಂತೆಯೇ ನೋಡುವುದು ಅನ್ಯಾಯವಾಗದು.

ಈ ಚಿತ್ರವನ್ನು ಮಾಡಿದವರಲ್ಲಿ ಉದಾಸೀನವಿರಲಿಲ್ಲ ಎಂಬುದನ್ನು ಮೊದಲು ಹೇಳಬೇಕು. 1982ರ ಚಿತ್ರದಲ್ಲಿ ಕೆಲವು ಕ್ಷಣ ಮಾತ್ರ ಕಾಣುವ ನಾರ್ವೆ ಶಿಬಿರದ ಪ್ರತಿಯೊಂದು ಕುರುಹನ್ನೂ ಅವರು ಶ್ರದ್ಧೆಯಿಂದ ಅಧ್ಯಯನ ಮಾಡಿದ್ದರು. ಬಾಗಿಲಿಗೆ ನೆಟ್ಟ ಕೊಡಲಿ ಅಲ್ಲಿಗೆ ಹೇಗೆ ಬಂತು, ಎರಡು ಮುಖಗಳ ಸುಟ್ಟ ಹೆಣ ಯಾರದು, ಕುರ್ಚಿಯಲ್ಲಿ ಹೆಪ್ಪುಗಟ್ಟಿ ಕುಳಿತ ಮನುಷ್ಯ ಯಾರು, ಇವಕ್ಕೆಲ್ಲ ಉತ್ತರವಿದೆ. ತೊಂದರೆಯಾದದ್ದು ಇಲ್ಲಿಯೇ. ಆ ಪ್ರಶ್ನೆಗಳಿಗೆ ಉತ್ತರ ಬೇಕಿರಲಿಲ್ಲ. ಉತ್ತರವಿಲ್ಲದೆ ಬಿದ್ದಿದ್ದ ಕೊಡಲಿ ಏನೋ ಭೀಕರವಾದದ್ದು ನಡೆದಿದೆ ಎಂದು ಹೇಳುತ್ತಿತ್ತು. ಉತ್ತರ ಸಿಕ್ಕ ಮೇಲೆ ಅದು ಹೊಂದಿಸಿ ಮುಗಿಸಿದ ಒಂದು ಲೆಕ್ಕವಾಯಿತು. ಎಲ್ಲ ಘಟನೆಗಳೂ ಮೊದಲೇ ಗೊತ್ತಿರುವ ಅವಶೇಷಗಳ ಕಡೆಗೆ ಸಾಗಬೇಕಾದ್ದರಿಂದ, ಪಾತ್ರಗಳಿಗೆ ತಮ್ಮದೇ ನಿರ್ಧಾರ ತೆಗೆದುಕೊಳ್ಳಲು ಜಾಗವೇ ಉಳಿಯಲಿಲ್ಲ.

ತಂತ್ರದ ವಿಷಯದಲ್ಲಿ ನಡೆದದ್ದು ಇನ್ನೂ ನೋವಿನ ಸಂಗತಿ. ಅಲೆಕ್ ಗಿಲಿಸ್ ಮತ್ತು ಟಾಮ್ ವುಡ್ರಫ್ ಜೂನಿಯರ್ ಅವರ ತಂಡ ಬಾಟಿನ್ ಅವರ ದಾರಿಯಲ್ಲೇ, ಕೈಯಿಂದ ಮಾಡಿದ ಬೊಂಬೆಗಳನ್ನು ಬಹಳ ಪರಿಶ್ರಮದಿಂದ ಸಿದ್ಧಪಡಿಸಿತ್ತು ಮತ್ತು ಅವನ್ನು ಬಳಸಿ ಚಿತ್ರೀಕರಣವೂ ಆಗಿತ್ತು. ಸಂಕಲನದ ಹಂತದಲ್ಲಿ ಅವುಗಳಲ್ಲಿ ಹೆಚ್ಚಿನವನ್ನು ಕಂಪ್ಯೂಟರ್ ಗ್ರಾಫಿಕ್ಸ್‌ನಿಂದ ಮುಚ್ಚಲಾಯಿತು, ಕ್ಲೈಮ್ಯಾಕ್ಸ್ ಭಾಗವನ್ನೂ ಬದಲಿಸಲಾಯಿತು. ಆ ಬೊಂಬೆಗಳ ಪರೀಕ್ಷಾ ವಿಡಿಯೊಗಳನ್ನು ತಂಡ ನಂತರ ಯೂಟ್ಯೂಬ್‌ನಲ್ಲಿ ಹಾಕಿದಾಗ ಬಂದ ಮೆಚ್ಚುಗೆಯಿಂದ ಉತ್ತೇಜಿತರಾದ ಗಿಲಿಸ್, ಕಿಕ್‌ಸ್ಟಾರ್ಟರ್ ಮೂಲಕ ಜನರಿಂದಲೇ ಹಣ ಸಂಗ್ರಹಿಸಿ 2015ರಲ್ಲಿ ‘ಹಾರ್ಬಿಂಜರ್ ಡೌನ್’ ಎಂಬ ಬೇರೆಯೇ ಚಿತ್ರ ಮಾಡಿದರು. ಗ್ರಾಫಿಕ್ಸ್ ಎಂಬ ಕಾರಣಕ್ಕೇ ಗ್ರಾಫಿಕ್ಸ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. 1982ರಲ್ಲಿ ತಂತ್ರ ಮುಚ್ಚಿದ್ದ ಬಾಗಿಲೊಂದನ್ನು ತೆರೆದಿತ್ತು; 2011ರಲ್ಲಿ ಅದೇ ಬಾಗಿಲಿಗೆ ಹೊಸ ಬಣ್ಣ ಹೊಡೆಯಲಾಯಿತು.

ಆದರೂ ಈ ಚಿತ್ರದಲ್ಲಿ ಒಂದು ನಿಜವಾದ ಹೊಸ ವಿಚಾರವಿದೆ, ಮತ್ತು ಅದಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ. ಜೀವಿ ಜೀವಕೋಶಗಳನ್ನು ನಕಲು ಮಾಡಬಲ್ಲದೇ ಹೊರತು ಲೋಹವನ್ನು ಅಲ್ಲ. ಹಾಗಾಗಿ ಹಲ್ಲಿಗೆ ತುಂಬಿಸಿದ ಲೋಹ ಇದ್ದವನು ಮನುಷ್ಯ. ಇಲ್ಲದವನು ನಕಲೂ ಆಗಿರಬಹುದು, ಹಲ್ಲು ಚೆನ್ನಾಗಿಟ್ಟುಕೊಂಡ ಮನುಷ್ಯನೂ ಆಗಿರಬಹುದು. ಮೇರಿ ಎಲಿಜಬೆತ್ ವಿನ್‌ಸ್ಟೆಡ್ ವಹಿಸಿದ ವಿಜ್ಞಾನಿ ಟಾರ್ಚ್ ಹಿಡಿದು ಒಬ್ಬೊಬ್ಬನ ಬಾಯಿಯನ್ನು ನೋಡುವ ಆ ದೃಶ್ಯದಲ್ಲಿ, ಚಿತ್ರ ಕೆಲವು ನಿಮಿಷಗಳ ಮಟ್ಟಿಗೆ ಹಿಂದಿನ ಚಿತ್ರವನ್ನು ಮರೆತು ಮೂಲ ಕಥೆಯ ರೀತಿಯಲ್ಲಿ ಯೋಚಿಸುತ್ತದೆ. ಅರ್ಧ ಉತ್ತರವನ್ನಷ್ಟೇ ಕೊಡುವ ಪರೀಕ್ಷೆ ಕಾದ ತಂತಿಯ ಪರೀಕ್ಷೆಗಿಂತ ಹೆಚ್ಚು ಕ್ರೂರವಾದದ್ದು. ಅದನ್ನೇ ಹಿಡಿದು ಚಿತ್ರವನ್ನು ಕಟ್ಟಿದ್ದರೆ ಈ ಅಧ್ಯಯನದ ತೀರ್ಮಾನವೇ ಬೇರೆಯಾಗುತ್ತಿತ್ತು.

ಮೂರನ್ನೂ ಒಟ್ಟಿಗೆ ನೋಡಿದಾಗ

ರೀಮೇಕ್ ಮಾಡುವವನು ಹಿಂದಿನ ಚಿತ್ರವನ್ನು ನೋಡುತ್ತಿದ್ದಾನೆಯೋ, ಹಿಂದಿನ ಚಿತ್ರ ಯಾವುದನ್ನು ನೋಡುತ್ತಿತ್ತೋ ಅದನ್ನು ನೋಡುತ್ತಿದ್ದಾನೆಯೋ ಎಂಬ ವ್ಯತ್ಯಾಸವೇ ಈ ಪ್ರಕರಣದಲ್ಲಿ ಫಲವನ್ನು ನಿರ್ಧರಿಸಿತು ಎಂದು ನಾನು ಭಾವಿಸುತ್ತೇನೆ. ವಿಜ್ಞಾನ ಕಥೆಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ, ಏಕೆಂದರೆ ಅಲ್ಲಿ ಕಥೆಯ ಬೆನ್ನೆಲುಬು ಒಂದು ಊಹೆ: ಹೀಗಾದರೆ ಏನಾದೀತು ಎಂಬ ಪ್ರಶ್ನೆ. ಊಹೆಗೆ ಒಂದು ಕಾಲದ ಉತ್ತರ ಇನ್ನೊಂದು ಕಾಲಕ್ಕೆ ಸಾಲದೆ ಬರಬಹುದು. ಹಾಗೆ ಸಾಲದೆ ಬಂದಾಗ ಅದೇ ಕಥೆಯನ್ನು ಮತ್ತೆ ಹೇಳುವುದು ಪುನರುಕ್ತಿಯಾಗದು.

ಧಾರಾವಾಹಿಗಳಲ್ಲೂ ಇದಕ್ಕೆ ಸಮೀಪದ ನಿದರ್ಶನವಿದೆ. 1978ರಲ್ಲಿ ಆರಂಭವಾಗಿ ಒಂದೇ ಋತುವಿಗೆ ನಿಂತ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ದಲ್ಲಿ ಸೈಲಾನ್‌ಗಳೆಂಬ ಶತ್ರುಗಳು ಬೇರೊಂದು ಜೀವಜಾತಿ ಸೃಷ್ಟಿಸಿದ ಲೋಹದ ಯಂತ್ರಗಳು. 2003ರಲ್ಲಿ ರೊನಾಲ್ಡ್ ಡಿ. ಮೂರ್ ಅದನ್ನು ಮತ್ತೆ ತೆರೆಗೆ ತಂದಾಗ, ಸೈಲಾನ್‌ಗಳನ್ನು ಸೃಷ್ಟಿಸಿದವರು ಮನುಷ್ಯರೇ ಆದರು, ಮತ್ತು ಅವುಗಳಲ್ಲಿ ಕೆಲವು ನೋಡಲು ಮನುಷ್ಯರಂತೆಯೇ ಇದ್ದವು. ಸ್ಟಾರ್‌ಬಕ್ ಎಂಬ ಪುರುಷ ಪಾತ್ರ ಸ್ತ್ರೀ ಪಾತ್ರವಾದದ್ದಕ್ಕೆ ಹಳೆಯ ಅಭಿಮಾನಿಗಳಿಂದ ಬಹಳ ಪ್ರತಿಭಟನೆ ಬಂತು. ಮೂಲದಲ್ಲಿ ಅಪೊಲೊ ಪಾತ್ರ ವಹಿಸಿದ್ದ ರಿಚರ್ಡ್ ಹ್ಯಾಚ್ ಮೊದಲು ಈ ಮರುಸೃಷ್ಟಿಯನ್ನು ವಿರೋಧಿಸಿ, ನಂತರ ಅದರಲ್ಲೇ ಟಾಮ್ ಜರೆಕ್ ಎಂಬ ಬೇರೆ ಪಾತ್ರವನ್ನು ವಹಿಸಿದರು. ಮೂಲದ ಹೆಸರುಗಳನ್ನೂ ಹಡಗನ್ನೂ ಉಳಿಸಿಕೊಂಡು, ಮೂಲ ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ಕೇಳಿದ್ದರಿಂದ ಅದು 2009ರವರೆಗೆ ನಡೆಯಿತು.

ನನ್ನ ವಾದಕ್ಕೆ ಎದುರಾಗುವ ಒಂದು ಬಲವಾದ ಆಕ್ಷೇಪವನ್ನು ಮರೆಮಾಚಲಾರೆ. ಒಂದು ರೀಮೇಕ್ ಪ್ರಶ್ನೆಗೆ ಮರಳುತ್ತಿದೆಯೋ ಚಿತ್ರಕ್ಕೆ ಮರಳುತ್ತಿದೆಯೋ ಎಂಬುದು ಮುಗಿದ ಮೇಲೆ ಗೊತ್ತಾಗುವ ಸಂಗತಿ. ಹಣ ಹೂಡುವ ದಿನ ಯಾರಿಗೂ ಅದು ಕಾಣುವುದಿಲ್ಲ, ಮತ್ತು 1982ರ ಅನುಭವ ತೋರಿಸಿದಂತೆ ಮುಗಿದ ಮೇಲೂ ನುರಿತ ವಿಮರ್ಶಕರಿಗೇ ಅದು ಕಾಣಲಿಲ್ಲ. ಇದು ಪೂರ್ತಿ ನಿಜವಲ್ಲ ಎನ್ನಲು ನನ್ನಲ್ಲಿರುವ ಆಧಾರ ಚಿತ್ರಕಥೆ. ಲಂಕಾಸ್ಟರ್ ಅವರ ಮೇಜಿನ ಮೇಲೆ 1938ರ ಕಥೆಯಿತ್ತು. 2011ರವರ ಮೇಜಿನ ಮೇಲೆ 1982ರ ಚಿತ್ರದ ಸ್ಥಿರಚಿತ್ರಗಳಿದ್ದವು. ಈ ವ್ಯತ್ಯಾಸ ಮೊದಲ ದಿನದಿಂದಲೇ ಇತ್ತು. ಹಾಗೆಯೇ, ರೀಮೇಕ್ ಮೂಲವನ್ನು ಹಾಳುಮಾಡುತ್ತದೆ ಎಂಬ ದೂರನ್ನೂ ಈ ಪ್ರಕರಣ ಎತ್ತಿಹಿಡಿಯುವುದಿಲ್ಲ. 1951ರ ಚಿತ್ರ ಇದ್ದ ಹಾಗೆಯೇ ಇದೆ, 1982ರದನ್ನು ಮೆಚ್ಚಿದವರಲ್ಲಿ ಎಷ್ಟೋ ಮಂದಿ ಅದನ್ನು ಹುಡುಕಿಕೊಂಡು ಹೋಗಿ ನೋಡುತ್ತಾರೆ.

ಕ್ಯಾಂಪ್‌ಬೆಲ್ ಅವರ ಕಥೆ ಇನ್ನೂ ಬರಿದಾಗಿಲ್ಲ. ಕಾದ ತಂತಿಗೆ ಮೊದಲು ಅವರ ಪಾತ್ರಗಳು ಮಾಡಿನೋಡುವ ಇನ್ನೊಂದು ಪರೀಕ್ಷೆಯಿದೆ. ಒಂದು ಪ್ರಾಣಿಗೆ ಮನುಷ್ಯರ ರಕ್ತವನ್ನು ಸ್ವಲ್ಪಸ್ವಲ್ಪವಾಗಿ ಚುಚ್ಚಿದರೆ ಅದರ ಸೀರಮ್, ಅಂದರೆ ರಕ್ತದ ತಿಳಿ ದ್ರವ, ಮನುಷ್ಯರ ರಕ್ತವನ್ನು ಗುರುತಿಸಲು ಕಲಿಯುತ್ತದೆ. 1901ರಲ್ಲಿ ಪಾಲ್ ಉಲೆನ್‌ಹುತ್ ತೋರಿಸಿಕೊಟ್ಟ, ಅಪರಾಧ ತನಿಖೆಯಲ್ಲಿ ರಕ್ತದ ಕಲೆ ಮನುಷ್ಯರದೋ ಪ್ರಾಣಿಯದೋ ಎಂದು ತಿಳಿಯಲು ನಿಜವಾಗಿಯೂ ಬಳಸುತ್ತಿದ್ದ ವಿಧಾನ ಅದು. ಶಿಬಿರದ ಇಬ್ಬರು ರಕ್ತ ಕೊಡುತ್ತಾರೆ, ಒಂದು ನಾಯಿಯ ಸೀರಮ್ ಸಿದ್ಧವಾಗುತ್ತದೆ. ಆದರೆ ಪರೀಕ್ಷಿಸಿದಾಗ ಅದು ಮನುಷ್ಯರ ರಕ್ತಕ್ಕೂ ಜೀವಿಯ ರಕ್ತಕ್ಕೂ ಒಂದೇ ರೀತಿ ಪ್ರತಿಕ್ರಿಯಿಸುತ್ತದೆ. ಅಂದರೆ ರಕ್ತ ಕೊಟ್ಟ ಇಬ್ಬರಲ್ಲಿ ಒಬ್ಬ ಆಗಲೇ ಮನುಷ್ಯನಾಗಿ ಉಳಿದಿರಲಿಲ್ಲ, ಮತ್ತು ಆ ಇಬ್ಬರು ಬೇರಾರೂ ಅಲ್ಲ, ಶಿಬಿರದ ಮುಖ್ಯಸ್ಥ ಮತ್ತು ವೈದ್ಯ. 1982ರ ಚಿತ್ರದಲ್ಲಿ ಶೇಖರಿಸಿಟ್ಟ ರಕ್ತವನ್ನು ಯಾರೋ ಹಾಳುಮಾಡಿಬಿಡುವುದರಿಂದ ಸೀರಮ್ ಪರೀಕ್ಷೆ ನಡೆಯುವುದೇ ಇಲ್ಲ. ಉಳಿದ ಎರಡರಲ್ಲೂ ಅದು ನಡೆಯುವುದಿಲ್ಲ. ನಂಬಿಕೆಗೆ ಅಳತೆಗೋಲು ಮಾಡಲು ಹೊರಟವರಿಗೆ ಆ ಅಳತೆಗೋಲೇ ಕಲಬೆರಕೆಯಾಗಿದೆ ಎಂದು ತಿಳಿಯುವ ಆ ಗಳಿಗೆ, ಕಥೆ ಪ್ರಕಟವಾಗಿ ಎಂಟು ದಶಕಗಳು ಕಳೆದರೂ, ಈ ಮೂರು ಚಿತ್ರಗಳಲ್ಲಿ ಒಂದರಲ್ಲೂ ತೆರೆಗೆ ಬಂದಿಲ್ಲ.